ಉಗುರಿನ ಕೊಳೆ ಯಾರದು?



ಉಗುರಿನ ಬಗ್ಗೆ ಬರೆಯೋಕೆ ಈ ಹಾಳೆಯೇ ಬೇಕಾ ಅಂತ ಕೆಲವರು ನಗಬಹುದು. ಭೂಮಿಯ ಪ್ರಶ್ನೆ ಇದೆ, ವಿದ್ಯಾರ್ಥಿವೇತನದ ಪ್ರಶ್ನೆ ಇದೆ, ಅದರ ಮಧ್ಯೆ ಉಗುರು ಯಾಕೆ? ನಗುವವರು ನಗಲಿ. ಆದರೆ ಈ ಸಮಾಜ ನಮ್ಮನ್ನ ಅಳೆಯೋಕೆ ಮೊದಲು ನೋಡೋದು ನಮ್ಮ ಕೈಯನ್ನೇ. ಶಾಲೆಯ ಪ್ರಾರ್ಥನೆ ಸಾಲಲ್ಲಿ ಮೇಷ್ಟ್ರು ಸ್ಕೇಲು ಹಿಡಿದು ನೋಡೋದು ಉಗುರನ್ನ. ಕೆಲಸದ ಸಂದರ್ಶನಕ್ಕೆ ಹೋದರೆ ಮೇಜಿನ ಆಚೆ ಕೂತವರ ಕಣ್ಣು ಬೀಳೋದು ಅರ್ಜಿ ಹಿಡಿದ ಬೆರಳಿನ ಮೇಲೆ. ಉಗುರಲ್ಲಿ ಕಪ್ಪು ಕಂಡರೆ ಸಾಕು, "ಇವರು ಇರೋದೇ ಹೀಗೆ" ಅಂತ ತೀರ್ಮಾನ. ಈ ತೀರ್ಮಾನ ಸುಳ್ಳು. ಆದರೆ ಸುಳ್ಳನ್ನ ಬೈದುಕೊಂಡು ಕೂತರೆ ಬೆರಳು ವಾಸಿಯಾಗಲ್ಲ. ಅದಕ್ಕೇ ಎರಡೂ ಮಾತು ಹೇಳಬೇಕಾಗಿದೆ: ಉಗುರು ಯಾಕೆ ಕೆಡುತ್ತೆ, ಕೆಡದ ಹಾಗೆ ನೋಡಿಕೊಳ್ಳೋದು ಹೇಗೆ.

ಮೊದಲು ಉಗುರು ಅಂದರೇನು ನೋಡಿ. ಕೂದಲು ಯಾವುದರಿಂದ ಆಗಿದೆಯೋ ಉಗುರೂ ಅದರಿಂದಲೇ ಆಗಿದೆ. ಅದರ ಹೆಸರು ಕೆರಾಟಿನ್. ಕಾಣುವ ಉಗುರಿಗೆ ಜೀವ ಇಲ್ಲ, ಕತ್ತರಿಸಿದರೆ ನೋವಾಗಲ್ಲ. ಜೀವ ಇರೋದು ಬುಡದಲ್ಲಿ, ಚರ್ಮದ ಒಳಗೆ. ಅಲ್ಲಿಂದ ಕೈಯುಗುರು ತಿಂಗಳಿಗೆ ಸುಮಾರು 3 ಮಿಲಿಮೀಟರ್ ಬೆಳೆಯುತ್ತೆ. ಪೂರ್ತಿ ಹೊಸ ಉಗುರು ಬರೋಕೆ ಹೆಚ್ಚುಕಡಿಮೆ ಆರು ತಿಂಗಳು ಬೇಕು. ಕಾಲಿನ ಹೆಬ್ಬೆರಳಿಗಾದರೆ ವರ್ಷ, ವರ್ಷದ ಮೇಲೆ. ಹಾಗಾಗಿ ಉಗುರು ಒಂದು ದಾಖಲೆ ಪುಸ್ತಕ ಇದ್ದ ಹಾಗೆ. ಕಳೆದ ಆರು ತಿಂಗಳು ನೀವು ಏನು ಉಂಡಿರಿ, ಎಂಥ ಕೆಲಸ ಮಾಡಿದಿರಿ, ಯಾವ ಜ್ವರ ಬಿದ್ದಿರಿ, ಎಲ್ಲ ಅದರಲ್ಲಿ ಇರುತ್ತೆ. ಜಾತಿ ಮಾತ್ರ ಇರಲ್ಲ.

ಉಗುರಿನ ಬುಡದಲ್ಲಿ ತೆಳ್ಳಗೆ ಅಂಟಿಕೊಂಡಿರೋ ಚರ್ಮದ ಅಂಚು ಇದೆಯಲ್ಲ, ಪಾರ್ಲರಿನವರು ಅದನ್ನ ಕ್ಯೂಟಿಕಲ್ ಅಂತಾರೆ. ಅದು ಬಾಗಿಲ ಸಂದಿಗೆ ಮೆತ್ತಿದ ಅರಗು ಇದ್ದ ಹಾಗೆ. ಉಗುರಿಗೂ ಚರ್ಮಕ್ಕೂ ನಡುವಿನ ಸಂದಿಯಲ್ಲಿ ನೀರು, ರೋಗಾಣು ಒಳಗೆ ಹೋಗದ ಹಾಗೆ ತಡೆಯೋದು ಅದೇ. ಚಂದಕ್ಕೆ ಅಂತ ಅದನ್ನ ಕತ್ತರಿಸೋದು, ಓದುವಾಗ ಹಲ್ಲಿಂದ ಕಿತ್ತು ಉಗಿಯೋದು, ಎರಡೂ ಒಂದೇ. ಬಾಗಿಲು ತೆಗೆದಿಟ್ಟು ಕಳ್ಳನನ್ನ ಕರೆದ ಹಾಗೆ.

ಈಗ ನಮ್ಮವರ ಕೈ ನೋಡೋಣ. ದಿನವಿಡೀ ನಾಲ್ಕು ಮನೆ ಪಾತ್ರೆ ತಿಕ್ಕೋ ಅವ್ವನ ಕೈ. ಗಾರೆ ಕಲಸೋ ಅಪ್ಪನ ಕೈ. ಶಿಡ್ಲಘಟ್ಟ, ರಾಮನಗರದ ಕಡೆ ಬಿಸಿನೀರಲ್ಲಿ ಬೆರಳು ಅದ್ದಿ ಗೂಡಿಂದ ರೇಷ್ಮೆ ನೂಲು ಬಿಚ್ಚೋ ಅಕ್ಕಂದಿರ ಕೈ. ಬೆಳಗಿನ ಜಾವ ಬೀದಿ ಗುಡಿಸಿ, ಹಸಿ ಕಸ ಬರಿಗೈಲಿ ಎತ್ತೋ ಪೌರಕಾರ್ಮಿಕರ ಕೈ. ನೀರು, ಸೋಪಿನ ಪುಡಿ, ಸಿಮೆಂಟು ಇವೆಲ್ಲ ಆ ಅರಗನ್ನ ಕರಗಿಸಿಬಿಡುತ್ತವೆ. ಆಮೇಲೆ ಉಗುರಿನ ಸುತ್ತ ಊದಿಕೊಳ್ಳುತ್ತೆ, ಕೆಂಪಾಗುತ್ತೆ, ಕೀವಾಗುತ್ತೆ. ಅದೇ ಉಗುರುಸುತ್ತು. ಉಗುರುಸುತ್ತಿನ ಮೇಲೆ ಒನಕೆ ಪೆಟ್ಟು ಅನ್ನೋ ಗಾದೆ ಕಟ್ಟಿದವರು ಬತ್ತ ಕುಟ್ಟಿದವರೇ ಇರಬೇಕು, ಉಂಡವರಲ್ಲ.

ಚರ್ಮ ಹದ ಮಾಡೋ ಮನೆಗಳಲ್ಲಿ ಬೆಳೆದವರಿಗೆ ಒಂದು ಮಾತು ಬೇಗ ತಿಳಿಯುತ್ತೆ. ತೊಗಲಿನ ಕೂದಲು ಉದುರಲಿ ಅಂತ ಅದನ್ನ ಸುಣ್ಣದ ಗುಂಡಿಗೆ ಹಾಕ್ತಾರೆ. ಸುಣ್ಣ ಕೂದಲನ್ನ ಮೆತ್ತಗೆ ಮಾಡಿ ಸಡಿಲಿಸುತ್ತೆ. ಕೂದಲು, ಉಗುರು ಎರಡೂ ಒಂದೇ ಪದಾರ್ಥ ಅಂತ ಆಗಲೇ ಹೇಳಿದೆ. ತೊಗಲಿನ ಕೂದಲನ್ನ ಬಿಡಿಸೋ ಸುಣ್ಣ, ಅದರಲ್ಲಿ ಕೈ ಹಾಕಿ ನಿಂತ ಮನುಷ್ಯನ ಉಗುರನ್ನ ಬಿಡುತ್ತಾ? ಮೆಟ್ಟು ಹಾಕಿಕೊಂಡವರು ಅದನ್ನ ಮಾಡಿದ ಕೈಯ ಉಗುರನ್ನ ನೋಡಿ ಮೂಗು ಮುರಿದರು. ಕೊಳೆ ಯಾರದು, ಹೇಳಿ.

ಇನ್ನು ನೀರಿನ ಮಾತು. ಕೈ ತೊಳೆಯಿರಿ ಅಂತ ಗೋಡೆ ತುಂಬ ಬರೆಸ್ತಾರೆ. ತೊಳೆಯೋಕೆ ನೀರು ಬೇಡವಾ? 1927ರ ಮಾರ್ಚ್ 20ರಂದು ಬಾಬಾಸಾಹೇಬರು ಮಹಾಡಿನ ಚವದಾರ್ ಕೆರೆಗೆ ಹೋಗಿ ನೀರು ಮುಟ್ಟಿದ್ದು ಯಾಕೆ? ಆ ಕೆರೆ ಎಲ್ಲರಿಗೂ ಮುಕ್ತ ಅಂತ ಕಾಗದದ ಮೇಲೆ ಇತ್ತು, ನಮ್ಮವರಿಗೆ ಮಾತ್ರ ಇರಲಿಲ್ಲ. ನೀರು ಮುಟ್ಟಬೇಡ ಅಂದವರೇ ತಿರುಗಿ ನಿಂತು, ನಿನ್ನ ಮೈ ಕೊಳೆ ಅಂದರು. ಈ ಲೆಕ್ಕವನ್ನ ಇತಿಹಾಸದ ಪುಸ್ತಕದಲ್ಲಿ ಓದಿ ಬಿಟ್ಟರೆ ಸಾಲದು. ನಿಮ್ಮ ಹಾಸ್ಟೆಲಿನ ನಲ್ಲಿ ಎದುರು ನಿಂತು ಕೇಳಿ. ನೂರು ಹುಡುಗರಿಗೆ ಎಷ್ಟು ನಲ್ಲಿ? ಎಷ್ಟು ಹೊತ್ತು ನೀರು? ಸೋಪು ಇದೆಯಾ?

ಅದಕ್ಕೆ ಮೊದಲು, ನಮ್ಮ ಕೈಲೇ ಆಗೋದನ್ನ ಮಾಡೋಣ. ಉಗುರಲ್ಲಿ ಹೋಗೋದಕ್ಕೆ ಕೊಡಲಿ ಯಾಕೆ?

ಕೈಯುಗುರನ್ನ ವಾರಕ್ಕೊಮ್ಮೆ ಸ್ನಾನ ಆದ ಮೇಲೆ ಕತ್ತರಿಸಿ, ಆಗ ಮೆತ್ತಗಿರುತ್ತೆ. ತೀರ ಮಾಂಸದವರೆಗೂ ಬೇಡ. ಕಾಲುಗುರನ್ನ ನೆಟ್ಟಗೆ ಅಡ್ಡಕ್ಕೆ ಕತ್ತರಿಸಿ. ಮೂಲೆಯನ್ನ ಒಳಕ್ಕೆ ಕೊರೆದರೆ ಉಗುರು ಮಾಂಸಕ್ಕೆ ಚುಚ್ಚಿಕೊಂಡು ಬೆಳೆಯುತ್ತೆ, ಆಮೇಲೆ ಕುಂಟಬೇಕಾಗುತ್ತೆ. ಉಗುರಿನ ಪಕ್ಕ ಸುಲಿದು ಎದ್ದ ಚರ್ಮವನ್ನ ಎಳೆಯಬೇಡಿ. ಚೊಕ್ಕ ಕತ್ತರಿಯಿಂದ ಎದ್ದಷ್ಟನ್ನೇ ಕತ್ತರಿಸಿ. ರಾತ್ರಿ ಮಲಗೋ ಮುಂಚೆ ಒಂದು ತೊಟ್ಟು ಕೊಬ್ಬರಿ ಎಣ್ಣೆ ಅಥವಾ ಹರಳೆಣ್ಣೆ ಅಥವಾ ವ್ಯಾಸಲಿನ್ ಉಗುರಿನ ಬುಡಕ್ಕೆ ಉಜ್ಜಿ. ಪಾರ್ಲರಿನ ನೂರಾರು ರೂಪಾಯಿ ಕೆಲಸ ಅಷ್ಟೇ. ಊರಿಗೆ ಹೋದಾಗ ಅವ್ವನ ಕೈಗೂ ಹಚ್ಚಿ. ಪಾತ್ರೆ ತೊಳೆಯುವಾಗ ರಬ್ಬರ್ ಗ್ಲೌಸು ಹಾಕೋದಾದರೆ ಒಳಗೆ ತೆಳ್ಳನೆ ಹತ್ತಿಯದು ಇರಲಿ. ಇಲ್ಲದಿದ್ದರೆ ಬೆವರಲ್ಲೇ ಬೆರಳು ನೆನೆಯುತ್ತೆ.

ರೂಮಿಗೆಲ್ಲ ಒಂದೇ ಬ್ಲೇಡು, ಒಂದೇ ನೇಲ್ ಕಟರ್ ಇಟ್ಟುಕೊಂಡಿದ್ದೀರಲ್ಲ, ಇವತ್ತೇ ನಿಲ್ಲಿಸಿ. ಉಗುರಿನ ಬೂಷ್ಟು ರೋಗ ಹಾಗೇ ಹರಡುತ್ತೆ. ರಕ್ತ ತಾಗಿದ್ದರೆ ಹೆಪಟೈಟಿಸ್ ಬಿ ಕೂಡ ಹರಡಬಹುದು. ಗೆಳೆತನಕ್ಕೆ ಒಂದೇ ತಟ್ಟೇಲಿ ಉಣ್ಣಿ, ಬ್ಲೇಡು ಮಾತ್ರ ಬೇರೆ ಇರಲಿ.

ಉಗುರುಸುತ್ತು ಶುರುವಾದರೆ ಬೆರಳನ್ನ ಉಗುರುಬೆಚ್ಚಗಿನ ನೀರಲ್ಲಿ ದಿನಕ್ಕೆ ಮೂರು ನಾಲ್ಕು ಸಲ, ಒಂದೊಂದು ಸಲ ಹತ್ತು ಹದಿನೈದು ನಿಮಿಷ ಅದ್ದಿಡಿ. ಆಮೇಲೆ ಚೆನ್ನಾಗಿ ಒರೆಸಿ. ನಮ್ಮ ಕಡೆ ನಿಂಬೆಹಣ್ಣಿಗೆ ತೂತು ಮಾಡಿ ಬೆರಳಿಗೆ ಸಿಕ್ಕಿಸ್ತಾರೆ. ಹಗುರವಾದ ಸುತ್ತು ತಾನೇ ವಾಸಿಯಾಗುತ್ತೆ, ಹೆಸರು ನಿಂಬೆಹಣ್ಣಿಗೆ ಬರುತ್ತೆ. ಕೀವು ತುಂಬಿದ್ದಕ್ಕೆ ಹುಳಿ ಸಾಲದು. ಸಗಣಿಯಂತೂ ಹಚ್ಚಲೇಬೇಡಿ, ಅದರಲ್ಲಿ ಧನುರ್ವಾಯುವಿನ ರೋಗಾಣು ಇರಬಹುದು. ಪಿನ್ನಿಂದ ಚುಚ್ಚಬೇಡಿ. ಕೀವು ಕಂಡರೆ, ಜ್ವರ ಬಂದರೆ, ಕೆಂಪು ಬೆರಳಿಂದ ಮೇಲಕ್ಕೆ ಏರಿದರೆ, ಮನೆಯಲ್ಲಿ ಸಕ್ಕರೆ ಕಾಯಿಲೆಯವರಿಗೆ ಆಗಿದ್ದರೆ, ತಡ ಮಾಡದೆ ಸರ್ಕಾರಿ ಆಸ್ಪತ್ರೆಗೆ ಹೋಗಿ.

ಕಾಲಿನ ಉಗುರು ಹಳದಿಯಾಗಿ ದಪ್ಪವಾಗಿ ಪುಡಿಪುಡಿ ಉದುರುತ್ತಿದ್ದರೆ ಅದು ಬೂಷ್ಟು ಇರಬಹುದು. ಒದ್ದೆ ಬಚ್ಚಲು, ದಿನವಿಡೀ ಬಿಚ್ಚದ ಪ್ಲಾಸ್ಟಿಕ್ ಶೂಸು ಅದಕ್ಕೆ ತವರುಮನೆ. ಮೆಡಿಕಲ್ ಸ್ಟೋರಿನವರು ಕೊಡೋ ಮೂರು ನಾಲ್ಕು ಔಷಧ ಬೆರೆಸಿದ ಟ್ಯೂಬು ತಂದು ಬಳಿಯಬೇಡಿ. ಅಂಥವುಗಳಲ್ಲಿ ಸ್ಟಿರಾಯ್ಡ್ ಇರುತ್ತೆ, ಬೂಷ್ಟು ಇನ್ನೂ ಬೇರು ಬಿಡುತ್ತೆ. ಡಾಕ್ಟರು ಉಗುರಿನ ಚೂರು ಪರೀಕ್ಷೆ ಮಾಡಿ ಮಾತ್ರೆ ಕೊಡ್ತಾರೆ. ಕೈಯುಗುರಿಗೆ ಸಾಮಾನ್ಯವಾಗಿ 6 ವಾರ, ಕಾಲುಗುರಿಗೆ 12 ವಾರ. ನಡುವೆ ಬಿಟ್ಟರೆ ದಂಡ.

ಉಗುರಿನ ಮೇಲೆ ಬಿಳಿ ಚುಕ್ಕೆ ಇದ್ದರೆ ಹೆದರಬೇಡಿ. ಅದು ಸುಣ್ಣದಂಶದ ಕೊರತೆ ಅಂತಾರೆ. ಹೆಚ್ಚಿನ ಸಲ ಎಲ್ಲೋ ತಗುಲಿದ ಸಣ್ಣ ಪೆಟ್ಟಿನ ಗುರುತು ಅದು, ಬೆಳೀತಾ ಹೋಗಿಬಿಡುತ್ತೆ. ಆರೋಗ್ಯವಂತ ಉಗುರು ಗುಲಾಬಿ ಬಣ್ಣ ಅಂತ ಪುಸ್ತಕದಲ್ಲಿ ಬರೆದಿರ್ತಾರೆ. ಯಾರ ಕೈ ನೋಡಿ ಬರೆದರೋ! ನಮ್ಮಂಥ ಕಪ್ಪು ಮೈಯವರ ಉಗುರುಗಳಲ್ಲಿ ಉದ್ದಕ್ಕೆ ಕಂದು ಗೆರೆ ಇರೋದು ಸಹಜ. ಅದು ಕೊಳೆಯೂ ಅಲ್ಲ, ರೋಗವೂ ಅಲ್ಲ. ಆದರೆ ಒಂದೇ ಬೆರಳಲ್ಲಿ ಹೊಸದಾಗಿ ಗೆರೆ ಮೂಡಿ, ಅಗಲವಾಗ್ತಾ, ಪಕ್ಕದ ಚರ್ಮಕ್ಕೂ ಹರಡಿದರೆ ಡಾಕ್ಟರಿಗೆ ತೋರಿಸಲೇಬೇಕು. ಅಪರೂಪಕ್ಕೆ ಅದು ಕ್ಯಾನ್ಸರ್ ಆಗಿರುತ್ತೆ.

ಕೊನೆಗೆ ಎಲ್ಲಕ್ಕಿಂತ ದೊಡ್ಡ ಮಾತು. ಉಗುರು ಬಿಳಿಚಿಕೊಂಡು, ಚಮಚದ ಹಾಗೆ ಮಧ್ಯೆ ಹಳ್ಳ ಬಿದ್ದು, ಒಂದು ಹನಿ ನೀರು ಬಿಟ್ಟರೆ ನಿಲ್ಲುವಂತಾಗಿದ್ದರೆ ಅದು ರಕ್ತದಲ್ಲಿ ಕಬ್ಬಿಣದಂಶ ಕಡಿಮೆಯಾದ ಗುರುತಿರಬಹುದು. ತಂಗಿಯರು ಇದನ್ನ ಗಮನ ಇಟ್ಟು ಓದಬೇಕು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಈ ದೇಶದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆ. ಬರಿಗಾಲಲ್ಲಿ ಓಡಾಡುವವರ ಪಾದದಿಂದಲೇ ಕೊಕ್ಕೆಹುಳು ಮೈಯೊಳಗೆ ಸೇರಿ ರಕ್ತ ಹೀರುತ್ತೆ. ಮೆಟ್ಟು ಹಾಕಬೇಡ ಅಂದ ಬೀದಿಗಳು ನಮ್ಮ ಮಾನದ ಜೊತೆಗೆ ರಕ್ತವನ್ನೂ ಕುಡಿದವು ಅನ್ನೋದು ಬರೀ ಭಾಷಣ ಅಲ್ಲ. ಉಗುರಿಗೆ ಬಯೋಟಿನ್ ಮಾತ್ರೆ ನುಂಗಿ ಅಂತ ಜಾಹೀರಾತು ಬರುತ್ತೆ, ದುಡ್ಡು ಕಳೆಯಬೇಡಿ. ಸೊಪ್ಪು, ಹುರುಳಿ, ಮಾಂಸ, ಲಿವರ್ ತಿನ್ನಿ. ಯಾವ ಊಟವನ್ನ ಹೀನ ಅಂತ ಹೀಗಳೆದರೋ ಆ ಊಟದಲ್ಲೇ ಮೈಗೆ ಬೇಗ ಹತ್ತೋ ಕಬ್ಬಿಣ ಇರೋದು. ಊಟದ ಜೊತೆಗೆ ಟೀ ಕುಡಿಯಬೇಡಿ. ನಿಂಬೆಹಣ್ಣನ್ನ ಬೆರಳಿಗೆ ಸಿಕ್ಕಿಸೋ ಬದಲು ಸೊಪ್ಪಿನ ಸಾರಿಗೆ ಹಿಂಡಿ, ಕಬ್ಬಿಣ ಹೀರಿಕೊಳ್ಳೋಕೆ ಸಹಾಯ ಆಗುತ್ತೆ. ಸರ್ಕಾರ ಹರೆಯದವರಿಗೆ ವಾರಕ್ಕೊಂದು ನೀಲಿ ಕಬ್ಬಿಣದ ಮಾತ್ರೆ ಕೊಡೋ ಯೋಜನೆ ಇದೆ, ಜಂತುಹುಳುವಿನ ಮಾತ್ರೆಯೂ ಇದೆ. ಅವು ನಿಮ್ಮ ಹಾಸ್ಟೆಲಿಗೆ ಬರ್ತಾ ಇದಾವಾ?

ಎಣ್ಣೆ ಹಚ್ಚೋದು ನಮ್ಮ ಕೆಲಸ. ಮಿಕ್ಕಿದ್ದು ಕೇಳಿ ಪಡೆಯೋ ಕೆಲಸ. 1993ರಲ್ಲಿ ಮಲ ಹೊರುವುದರ ವಿರುದ್ಧ ಒಂದು ಕಾನೂನು ಬಂತು, 2013ರಲ್ಲಿ ಇನ್ನೊಂದು. 2013ರ ನಿಯಮಗಳಲ್ಲಿ ಚರಂಡಿ, ಗುಂಡಿ ಶುಚಿ ಮಾಡುವವರಿಗೆ ಕೊಡಲೇಬೇಕಾದ ರಕ್ಷಣಾ ಸಲಕರಣೆಗಳ ಉದ್ದನೆಯ ಪಟ್ಟಿ ಇದೆ. ಪಟ್ಟಿ ಕಾಗದದಲ್ಲಿದೆ, ಕೈ ಬರಿದಾಗಿದೆ. ಉಗುರು ಕೊಳೆ ಅಂತ ಮಕ್ಕಳನ್ನ ಹೊಡೆಯೋದು 2009ರ ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ ತಪ್ಪು. ಸ್ಕೇಲು ಎತ್ತೋ ಮೇಷ್ಟ್ರಿಗೆ ಇದನ್ನ ಗೌರವದಿಂದಲೇ, ಆದರೆ ನೇರವಾಗಿ ಹೇಳಿ.

ಆದ್ದರಿಂದ ಈ ತಿಂಗಳ ಹಾಸ್ಟೆಲ್ ಸಭೆಯಲ್ಲಿ ನಾಲ್ಕು ಬೇಡಿಕೆ ಇಡೋಣ. ಪ್ರತಿ ಹುಡುಗನಿಗೂ ಹುಡುಗಿಗೂ ಒಂದೊಂದು ನೇಲ್ ಕಟರ್. ಊಟದ ಮನೆ ಬಾಗಿಲಲ್ಲಿ ನೀರು, ಸೋಪು. ತಪ್ಪದೆ ಕಬ್ಬಿಣದ ಮಾತ್ರೆ, ವರ್ಷಕ್ಕೊಂದು ರಕ್ತ ಪರೀಕ್ಷೆ. ಹಾಸ್ಟೆಲಿನ ಅಡುಗೆಯವರಿಗೆ, ಶೌಚಾಲಯ ತೊಳೆಯುವವರಿಗೆ ಗ್ಲೌಸು. ನಾಲ್ಕನೆಯದನ್ನ ಮರೆತರೆ ಮೊದಲ ಮೂರು ಕೇಳೋ ಹಕ್ಕು ನಮಗಿಲ್ಲ. ನಾವು ಓದಿ ಮೇಲೆ ಬಂದಿರೋದು ಅಂಥ ಕೈಗಳ ಮೇಲೆ ಕಾಲಿಟ್ಟೇ.

ಇನ್ನು ಮುಂದೆ ಯಾರ ಎದುರಿಗೂ ಕೈಯನ್ನ ಬೆನ್ನ ಹಿಂದೆ ಮಡಚಬೇಡಿ. ಉಗುರು ಕತ್ತರಿಸಿ, ಕೈ ತೊಳೆದು, ಅರ್ಜಿ ಬರೆಯೋಕೆ ಕೂತ್ಕೊಳ್ಳಿ.