ಕಾಣೆಯಾದ ಪಾಸ್‌ಪೋರ್ಟ್ ಮತ್ತು ನಮ್ಮ ಸತ್ಯನಿಷ್ಠೆ



ನಮ್ಮ ಕರಾವಳಿಯಲ್ಲಿ ಹೊರದೇಶದಲ್ಲಿ ದುಡಿಯುವ ಒಬ್ಬರಾದರೂ ಇಲ್ಲದ ಕಥೋಲಿಕ ಕುಟುಂಬ ಅಪರೂಪ. ಕುವೈತ್, ದುಬೈ, ಮಸ್ಕತ್, ದೋಹಾ, ರಿಯಾದ್ ಎಂಬ ಹೆಸರುಗಳು ನಮ್ಮ ಅಜ್ಜಿಯಂದಿರ ನಾಲಗೆಗೂ ಮಂಗಳೂರು, ಉಡುಪಿಗಳಷ್ಟೇ ಸಲೀಸಾಗಿವೆ. ಮಗನೋ ಮಗಳೋ ಹೊರಡುವ ದಿನ ಪಾಸ್‌ಪೋರ್ಟನ್ನು ದೇವರ ಪೀಠದ ಮುಂದಿಟ್ಟು ಪ್ರಾರ್ಥಿಸಿ ಕಳುಹಿಸುವ ಮನೆಗಳೂ ಉಂಟು. ಆ ಪುಸ್ತಕ ಪರದೇಶದಲ್ಲಿ ಕಾಣೆಯಾದಾಗ ಏನು ಮಾಡಬೇಕೆಂಬುದು ಬರಿಯ ಕಚೇರಿ ವ್ಯವಹಾರವೆಂದು ತೋರಬಹುದು. ಆದರೆ ಅದರೊಳಗೆ ಒಂದು ನೈತಿಕ ಪ್ರಶ್ನೆಯೂ ಅಡಗಿದೆ. ನಮ್ಮ ಕುಟುಂಬಗಳು ಅದನ್ನು ಶಾಂತಚಿತ್ತದಿಂದ ಆಲೋಚಿಸಲಿ ಎಂಬುದೇ ಈ ಲೇಖನದ ಉದ್ದೇಶ.

ಪಾಸ್‌ಪೋರ್ಟ್ ಎಂದರೇನು? 1967ರ ಪಾಸ್‌ಪೋರ್ಟ್ ಕಾಯಿದೆಯ 17ನೆಯ ವಿಧಿಯಂತೆ ಅದು ಸದಾಕಾಲ ಕೇಂದ್ರ ಸರ್ಕಾರದ ಸ್ವತ್ತು. ಅದನ್ನು ಹೊತ್ತು ತಿರುಗುವವನು ಅದರ ಪಾಲಕನೇ ಹೊರತು ಒಡೆಯನಲ್ಲ. ಅದನ್ನು ಒತ್ತೆಯಿಡುವ ಹಕ್ಕು ಅವನಿಗಿಲ್ಲ. ಒತ್ತೆಯಾಗಿ ಇರಿಸಿಕೊಳ್ಳುವ ಹಕ್ಕು ಬೇರೆ ಯಾವ ಖಾಸಗಿ ವ್ಯಕ್ತಿಗೂ ಇಲ್ಲ. ಈ ಮನುಷ್ಯನು ನಮ್ಮವನು, ಅಡ್ಡಿಯಿಲ್ಲದೆ ಸಂಚರಿಸಲು ಬಿಡಿ, ಅಗತ್ಯಬಿದ್ದರೆ ನೆರವಾಗಿ ಎಂದು ರಾಷ್ಟ್ರಪತಿಗಳ ಹೆಸರಿನಲ್ಲಿ ಅನ್ಯದೇಶಗಳಿಗೆ ಮಾಡಿದ ಕೋರಿಕೆಯೇ ಅದರ ಸಾರ. ತತ್ತ್ವಶಾಸ್ತ್ರದ ಭಾಷೆಯಲ್ಲಿ ಹೇಳುವುದಾದರೆ ಅದು ಸಂಕೇತ. ಸಂಕೇತವು ಸೂಚಿಸುವ ವಸ್ತು ಮನುಷ್ಯ. ಸಂಕೇತ ಕಳೆದುಹೋದರೆ ಮನುಷ್ಯ ಕಳೆದುಹೋಗುವುದಿಲ್ಲ. ಪಾಸ್‌ಪೋರ್ಟ್ ಕಳೆದುಕೊಂಡವನು ದೇಶವನ್ನೂ ಕಳೆದುಕೊಂಡಂತೆ ಕಂಗೆಡುತ್ತಾನೆ. ಅವನ ಪೌರತ್ವವಾಗಲಿ ಘನತೆಯಾಗಲಿ ಆ ಹಾಳೆಗಳಿಂದ ಹುಟ್ಟಿದ್ದಲ್ಲ ಎಂಬುದನ್ನು ಅವನಿಗೆ ಮೊದಲು ನೆನಪಿಸಬೇಕು.

ಹಾಗೆಂದು ಕಾಗದವನ್ನು ಕಡೆಗಣಿಸಲಾಗದು. 1990ರ ಆಗಸ್ಟ್ 2ರಂದು ಇರಾಕ್ ಸೇನೆ ಕುವೈತನ್ನು ಆಕ್ರಮಿಸಿದಾಗ ನಮ್ಮ ಜಿಲ್ಲೆಗಳ ಎಷ್ಟೋ ಮನೆಗಳು ನಿದ್ರೆಗೆಟ್ಟವು. ಮುಂದಿನ ಎರಡು ತಿಂಗಳಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಭಾರತೀಯರನ್ನು ಜೋರ್ಡಾನಿನ ಅಮ್ಮಾನ್ ನಗರದಿಂದ ವಿಮಾನಗಳಲ್ಲಿ ಕರೆತರಲಾಯಿತು. ಅವರಲ್ಲಿ ಪಾಸ್‌ಪೋರ್ಟ್ ಕೈಯಲ್ಲಿಲ್ಲದವರೂ ಇದ್ದರು. ಅವು ಮಾಲೀಕರ ಬಳಿ ಉಳಿದಿದ್ದವು. ಶಾಂತಿಕಾಲದಲ್ಲಿ ಯಾರೂ ಚಿಂತಿಸದ ಒಂದು ಕೆಟ್ಟ ರೂಢಿಯ ಬೆಲೆ ಯುದ್ಧಕಾಲದಲ್ಲಿ ತಿಳಿಯಿತು.

ನಿಜವಾಗಿಯೂ ಪಾಸ್‌ಪೋರ್ಟ್ ಕಳೆದುಹೋದರೆ ಅನುಸರಿಸಬೇಕಾದ ಕ್ರಮ ಕಠಿಣವೇನಲ್ಲ. ತಾಳ್ಮೆ ಬೇಕು, ಅಷ್ಟೇ. ಮೊದಲು ಆ ದೇಶದ ಪೊಲೀಸರಿಗೆ ತಿಳಿಸಿ ವರದಿಯ ಪ್ರತಿಯನ್ನು ಪಡೆಯಬೇಕು. ಬಳಿಕ ಭಾರತೀಯ ರಾಯಭಾರ ಕಚೇರಿಗೆ, ಅಥವಾ ಅದು ನೇಮಿಸಿದ ಸೇವಾ ಕೇಂದ್ರಕ್ಕೆ ಅರ್ಜಿ ಸಲ್ಲಿಸಬೇಕು. ಪೊಲೀಸ್ ವರದಿ, ಎಲ್ಲಿ ಹೇಗೆ ಕಳೆಯಿತೆಂಬ ಪ್ರಮಾಣಪತ್ರ, ಹಳೆಯ ಪಾಸ್‌ಪೋರ್ಟಿನ ಸಂಖ್ಯೆ, ಅದನ್ನು ನೀಡಿದ ದಿನಾಂಕ ಮತ್ತು ಸ್ಥಳ, ಅದರ ಮೊದಲ ಹಾಗೂ ಕೊನೆಯ ಪುಟಗಳ ಪ್ರತಿ, ವಾಸಾನುಮತಿಯ ದಾಖಲೆ, ಭಾವಚಿತ್ರ, ಶುಲ್ಕ ಇವು ಸಾಮಾನ್ಯವಾಗಿ ಬೇಕಾಗುವಂಥವು. ಕಚೇರಿಯು ಹಳೆಯ ದಾಖಲೆಗಳೊಡನೆ ತಾಳೆ ನೋಡಿ ಹೊಸ ಸಂಖ್ಯೆಯ ಪಾಸ್‌ಪೋರ್ಟ್ ನೀಡುತ್ತದೆ. ವಾಸಾನುಮತಿ ಹಳೆಯ ಸಂಖ್ಯೆಗೆ ಜೋಡಣೆಯಾಗಿರುವುದರಿಂದ ಅದನ್ನೂ ಹೊಸದಕ್ಕೆ ಬದಲಾಯಿಸಿಕೊಳ್ಳಬೇಕು. ತುರ್ತಾಗಿ ಊರಿಗೆ ಮರಳಲೇಬೇಕಾದವರಿಗೆ ಎಮರ್ಜೆನ್ಸಿ ಸರ್ಟಿಫಿಕೇಟ್ ಎಂಬ ಪತ್ರ ದೊರೆಯುತ್ತದೆ. ಅದು ಭಾರತಕ್ಕೆ ಮರಳುವ ಒಂದೇ ಪ್ರಯಾಣಕ್ಕೆ ಸಲ್ಲುವುದು. ಕೆಲಸವನ್ನು ಉಳಿಸಿಕೊಳ್ಳಬೇಕೆನ್ನುವವನು ಇದನ್ನು ಅರಿತು ಆರಿಸಿಕೊಳ್ಳಬೇಕು.

ಒಂದು ಎಚ್ಚರಿಕೆ. ಕಳೆಯಿತೆಂದು ವರದಿಯಾದ ಪಾಸ್‌ಪೋರ್ಟ್ ಅನಂತರ ಮೇಜಿನ ಸಂದಿಯಲ್ಲಿ ಸಿಕ್ಕಿದರೂ ಅದು ಸತ್ತ ದಾಖಲೆ. ಕಳೆದ ಮತ್ತು ಕಳವಾದ ಪ್ರಯಾಣ ದಾಖಲೆಗಳ ಪಟ್ಟಿಯೊಂದನ್ನು ಇಂಟರ್‌ಪೋಲ್ ಸಂಸ್ಥೆ 2002ರಿಂದ ಇರಿಸಿಕೊಂಡಿದೆ. ದೇಶದೇಶಗಳ ಗಡಿ ಅಧಿಕಾರಿಗಳು ಅದನ್ನು ನೋಡುತ್ತಾರೆ. ಸಿಕ್ಕಿದ ಹಳೆಯ ಪುಸ್ತಕವನ್ನು ರಾಯಭಾರ ಕಚೇರಿಗೆ ಒಪ್ಪಿಸುವುದೊಂದೇ ದಾರಿ.

ಇಷ್ಟು ಕಾನೂನಿನ ಮಾತು. ಈಗ ನೈತಿಕ ಪ್ರಶ್ನೆಗೆ ಬರೋಣ. ಪಾಸ್‌ಪೋರ್ಟ್ ಕಳೆದುಹೋಗಿಲ್ಲ, ಮಾಲೀಕನ ತಿಜೋರಿಯಲ್ಲಿದೆ. ಸಂಬಳ ತಿಂಗಳುಗಳಿಂದ ಬಂದಿಲ್ಲ, ಅಥವಾ ತಾಯಿಗೆ ಕಾಯಿಲೆ; ಊರಿಗೆ ಬರಬೇಕು. ಕೇಳಿದರೆ ಮಾಲೀಕ ಕೊಡುವುದಿಲ್ಲ. ಆಗ ಕೋಣೆಯ ಸಂಗಾತಿಗಳು ಒಂದು ಸುಲಭೋಪಾಯ ಹೇಳಿಕೊಡುತ್ತಾರೆ: 'ಕಳೆದುಹೋಯಿತೆಂದು ಬರೆದುಕೊಡು, ಹೊಸದು ಸಿಗುತ್ತದೆ.' ಊರಿನಿಂದ ಫೋನಿನಲ್ಲಿ ಮನೆಯವರೂ ಅದನ್ನೇ ಒತ್ತಾಯಿಸುತ್ತಾರೆ. ಇದು ಸರಿಯೇ?

ಸರಿಯಲ್ಲವೆಂದು ನಾನು ಸ್ಪಷ್ಟವಾಗಿ ಹೇಳಬಯಸುತ್ತೇನೆ. ಆದರೆ ಹಾಗೆ ಹೇಳುವಾಗ ಮೊದಲ ದೋಷ ಯಾರದೆಂಬುದನ್ನು ಮರೆಮಾಚಬಾರದು. ಸಾಲ ಕೊಟ್ಟವನು ಬಡವನ ಬೀಸುವ ಕಲ್ಲನ್ನು ಒತ್ತೆಯಿಟ್ಟುಕೊಳ್ಳಬಾರದೆಂದು ಧರ್ಮೋಪದೇಶಕಾಂಡದ 24ನೆಯ ಅಧ್ಯಾಯ ವಿಧಿಸುತ್ತದೆ. ಏಕೆಂದರೆ ಅದು ಅವನ ಬದುಕನ್ನೇ ಒತ್ತೆಯಿಟ್ಟುಕೊಂಡಂತೆ. ಒತ್ತೆಯಾಗಿ ಪಡೆದ ಹೊದಿಕೆಯನ್ನು ಸೂರ್ಯಾಸ್ತದೊಳಗೆ ಹಿಂದಿರುಗಿಸಬೇಕೆಂದು ವಿಮೋಚನಾಕಾಂಡ ಆಜ್ಞಾಪಿಸುತ್ತದೆ. ವಲಸೆ ಕಾರ್ಮಿಕನ ಪಾಸ್‌ಪೋರ್ಟ್ ಅವನ ಬೀಸುವ ಕಲ್ಲೂ ಹೌದು, ಹೊದಿಕೆಯೂ ಹೌದು. ಅದನ್ನು ಬಚ್ಚಿಟ್ಟವನು ದಾಖಲೆಯನ್ನಲ್ಲ, ಮನುಷ್ಯನ ಸ್ವಾತಂತ್ರ್ಯವನ್ನೇ ಬಚ್ಚಿಟ್ಟಿದ್ದಾನೆ.

ಆದರೂ ಒಬ್ಬನ ಅನ್ಯಾಯ ಇನ್ನೊಬ್ಬನ ಸುಳ್ಳನ್ನು ಸತ್ಯವಾಗಿಸದು. ಕಷ್ಟದಿಂದ ಪಾರಾಗಲು ಹೇಳಿದ ಸುಳ್ಳು ಕೂಡ ಸುಳ್ಳೇ ಎಂಬುದು ಸಂತ ಥಾಮಸ್ ಅಕ್ವಿನಾಸರ ನಿಲುವು. ವಿವೇಕದಿಂದ ಮೌನವಾಗಿದ್ದು ಸತ್ಯವನ್ನು ತಡೆಹಿಡಿಯುವುದಕ್ಕೆ ಅವರು ಅವಕಾಶ ಕೊಡುತ್ತಾರೆ. ಅಸತ್ಯವನ್ನು ನುಡಿಯುವುದಕ್ಕೆ ಕೊಡುವುದಿಲ್ಲ. ಪ್ರಮಾಣಪತ್ರವಾದರೋ ಬರಿಯ ಮಾತಲ್ಲ. ಪ್ರಮಾಣ ಮಾಡಿ ಬರೆದುಕೊಡುವ ಹೇಳಿಕೆ.

ಹೊಟ್ಟೆ ತುಂಬಿದವರ ನೀತಿಬೋಧೆ ಇದು ಎಂದು ಕೆಲವರು ಹೇಳಬಹುದು. ಆಕ್ಷೇಪಣೆಯನ್ನು ನಾನು ತಳ್ಳಿಹಾಕುವುದಿಲ್ಲ. ಆದ್ದರಿಂದ ಲೋಕವ್ಯವಹಾರದ ದೃಷ್ಟಿಯಿಂದಲೂ ನೋಡೋಣ. ಸುಳ್ಳು ಮಾಹಿತಿ ನೀಡಿ ಪಾಸ್‌ಪೋರ್ಟ್ ಪಡೆಯುವುದು 1967ರ ಕಾಯಿದೆಯ 12ನೆಯ ವಿಧಿಯಂತೆ ಎರಡು ವರ್ಷದವರೆಗಿನ ಸೆರೆವಾಸಕ್ಕೆ ಗುರಿಯಾಗಬಲ್ಲ ಅಪರಾಧ. ಕಳೆದುಹೋಯಿತೆನ್ನಲಾದ ಪುಸ್ತಕವನ್ನು ಮಾಲೀಕ ನಾಳೆ ಪೊಲೀಸರ ಮುಂದೆ ತಂದಿಟ್ಟರೆ ನಿನ್ನೆಯವರೆಗೆ ದೂರುದಾರನಾಗಿದ್ದವನು ಇಂದು ಆರೋಪಿಯಾಗುತ್ತಾನೆ. ಬರಬೇಕಾದ ಸಂಬಳದ ಬಗ್ಗೆ ಅವನು ಹೇಳುವ ನಿಜವನ್ನೂ ಯಾರೂ ನಂಬುವುದಿಲ್ಲ. ಎಲ್ಲಕ್ಕಿಂತ ಮಿಗಿಲಾಗಿ, 'ಕಳೆದುಹೋಯಿತು' ಎಂಬ ಆ ಒಂದು ಪದ ಅನ್ಯಾಯ ಮಾಡಿದವನ ಹೆಸರನ್ನು ದಾಖಲೆಯಿಂದಲೇ ಅಳಿಸಿಬಿಡುತ್ತದೆ. ಮುಂದಿನ ವರ್ಷ ಅದೇ ಮಾಲೀಕನ ಬಳಿಗೆ ಹೋಗುವ ಇನ್ನೊಬ್ಬ ಹುಡುಗನ ಪಾಸ್‌ಪೋರ್ಟೂ ಅದೇ ತಿಜೋರಿ ಸೇರುತ್ತದೆ.

ಸತ್ಯಕ್ಕೂ ದಾರಿಯುಂಟು. ನೌಕರನ ಪಾಸ್‌ಪೋರ್ಟನ್ನು ಮಾಲೀಕ ಇರಿಸಿಕೊಳ್ಳುವುದನ್ನು ಕೊಲ್ಲಿಯ ರಾಷ್ಟ್ರಗಳ ಕಾನೂನುಗಳೇ ನಿಷೇಧಿಸಿವೆ. ಕತಾರಿನ 2015ರ 21ನೆಯ ಕಾನೂನು, ಸಂಯುಕ್ತ ಅರಬ್ ಎಮಿರೇಟ್ಸಿನ 2021ರ ಕಾರ್ಮಿಕ ಕಾನೂನು ಇದಕ್ಕೆ ನಿದರ್ಶನಗಳು. ಮನೆಗೆಲಸದವರಿಗೆ ಹಲವೆಡೆ ಪ್ರತ್ಯೇಕ ಕಾನೂನುಗಳಿರುವುದರಿಂದ ಅವರು ಅದನ್ನು ವಿಚಾರಿಸಿ ತಿಳಿಯಬೇಕು. ಪಾಸ್‌ಪೋರ್ಟನ್ನು ತಡೆಹಿಡಿಯಲಾಗಿದೆಯೆಂದು ನಮ್ಮ ರಾಯಭಾರ ಕಚೇರಿಯ ಕಾರ್ಮಿಕ ವಿಭಾಗಕ್ಕೂ ಆ ದೇಶದ ಕಾರ್ಮಿಕ ಇಲಾಖೆಗೂ ದೂರು ಕೊಡಬಹುದು. ಸಂಕಷ್ಟದಲ್ಲಿರುವ ಭಾರತೀಯರ ಪ್ರಯಾಣವೆಚ್ಚಕ್ಕೂ ಕಾನೂನು ನೆರವಿಗೂ 2009ರಲ್ಲಿ ಭಾರತೀಯ ಸಮುದಾಯ ಕಲ್ಯಾಣ ನಿಧಿಯನ್ನು ಸ್ಥಾಪಿಸಲಾಗಿದೆ. 2015ರಿಂದ ವಿದೇಶಾಂಗ ಇಲಾಖೆಯ 'ಮದದ್' ವ್ಯವಸ್ಥೆಯ ಮೂಲಕ ಊರಿನಲ್ಲಿರುವ ತಂದೆತಾಯಿಯರೇ ದೂರು ಸಲ್ಲಿಸಬಹುದು. ಈ ದಾರಿ ನಿಧಾನದ್ದು. ಕೆಲವೊಮ್ಮೆ ಕಚೇರಿಯಿಂದ ಕಚೇರಿಗೆ ಅಲೆದು ಮನಸ್ಸು ಸೋಲುವುದೂ ಉಂಟು. ಆದರೂ ಈ ದಾರಿಯಲ್ಲಿ ನಡೆದವನು ಹಿಂತಿರುಗಿ ನೋಡಿ ಅಂಜಬೇಕಾಗಿಲ್ಲ.

ಸಂತ ಪೌಲರ ನಿದರ್ಶನ ನಮ್ಮ ಕಣ್ಣ ಮುಂದಿದೆ. ಜೆರುಸಲೇಮಿನಲ್ಲಿ ಕೊರಡೆಗಳಿಂದ ಹೊಡೆಯಲು ಅವರನ್ನು ಬಿಗಿದು ಕಟ್ಟಿದಾಗ ಅವರು ತಾವು ರೋಮಿನ ಪೌರರೆಂದು ನೇರವಾಗಿ ತಿಳಿಸಿದರು. ತಾನು ಬಹಳ ಹಣ ತೆತ್ತು ಪಡೆದ ಪೌರತ್ವ ಈ ಬಂದಿಗೆ ಹುಟ್ಟಿನಿಂದಲೇ ಬಂದದ್ದೆಂದು ತಿಳಿದ ಸೇನಾಧಿಪತಿ ಹೆದರಿದನು. ಪ್ರೇಷಿತರ ಕಾರ್ಯಕಲಾಪಗಳ 22ನೆಯ ಅಧ್ಯಾಯದಲ್ಲಿ ಈ ಪ್ರಸಂಗವಿದೆ. ವಿಶ್ವಾಸಿಯಾದವನು ತನ್ನ ಪೌರಹಕ್ಕನ್ನು ಕೇಳುವುದರಲ್ಲಿ ದೈನ್ಯವೂ ಇಲ್ಲ, ಕಪಟವೂ ಬೇಕಿಲ್ಲ ಎಂಬುದನ್ನು ಅದು ಕಲಿಸುತ್ತದೆ.

ಆದರೆ ದೂರದಲ್ಲಿರುವ ಹುಡುಗನೊಬ್ಬನೇ ಸತ್ಯದ ಭಾರವನ್ನು ಹೊರಬೇಕೆಂದು ನಾವು ನಿರೀಕ್ಷಿಸಬಾರದು. ಮಗ 'ಪಾಸ್‌ಪೋರ್ಟ್ ನನ್ನ ಕೈಯಲ್ಲಿಲ್ಲ' ಎಂದಾಗ 'ಸಾಲ ತೀರಿಲ್ಲ, ಹೇಗಾದರೂ ಸಹಿಸಿಕೊ' ಎನ್ನುವ ಮನೆಯವರು ಅವನನ್ನು ಸುಳ್ಳಿನ ಕಡೆಗೆ ತಳ್ಳುತ್ತಾರೆ. ಬರಿಗೈಯಲ್ಲಿ ಬಂದರೂ ನಮ್ಮ ಮನೆಯ ಬಾಗಿಲು ತೆರೆದಿದೆ ಎಂಬ ತಾಯಿಯ ಒಂದು ಮಾತು ಅವನಿಗೆ ನಿಜ ಹೇಳುವ ಧೈರ್ಯ ಕೊಡುತ್ತದೆ.

ಹೊರಡುವ ಮುನ್ನವೇ ಮಾಡಬಹುದಾದ ಕೆಲಸಗಳಿವೆ. ಪಾಸ್‌ಪೋರ್ಟ್, ವೀಸಾ, ಉದ್ಯೋಗದ ಕರಾರು ಇವುಗಳ ಪ್ರತಿಗಳನ್ನು ಮನೆಯಲ್ಲಿ ಇರಿಸಿಕೊಳ್ಳಿ. ದೀಕ್ಷಾಸ್ನಾನದ ದಾಖಲೆಯಲ್ಲಿ ಒಂದು ಹೆಸರು, ಶಾಲೆಯಲ್ಲಿ ಇನ್ನೊಂದು, ಪಾಸ್‌ಪೋರ್ಟಿನಲ್ಲಿ ಮತ್ತೊಂದು ಇರುವುದು ನಮ್ಮ ಸಮುದಾಯದಲ್ಲಿ ಸಾಮಾನ್ಯ. ಒಂದೇ ಉಪನಾಮವನ್ನು ಅಣ್ಣತಮ್ಮಂದಿರೇ ಬೇರೆಬೇರೆ ಅಕ್ಷರಗಳಲ್ಲಿ ಬರೆಯುವುದೂ ಉಂಟು. ಪಾಸ್‌ಪೋರ್ಟ್ ಕಳೆದ ದಿನ ಈ ವ್ಯತ್ಯಾಸವೇ ದೊಡ್ಡ ಅಡ್ಡಿಯಾಗುತ್ತದೆ. ಊರಿನಲ್ಲಿರುವಾಗಲೇ ಅದನ್ನು ಸರಿಪಡಿಸಿಕೊಳ್ಳಿ. ಧರ್ಮಕೇಂದ್ರಗಳಿಗೂ ಹೊಣೆಯಿದೆ. ಅರ್ಜಿ, ದೂರುಗಳನ್ನು ಬರೆಯಬಲ್ಲ ಶಿಕ್ಷಕರು, ವಕೀಲರು, ಕೊಲ್ಲಿಯಿಂದ ಮರಳಿದ ಹಿರಿಯರು ಪ್ರತಿ ಧರ್ಮಕೇಂದ್ರದಲ್ಲೂ ಇದ್ದಾರೆ. ಬಲಿಪೂಜೆಯ ಬಳಿಕ ತಿಂಗಳಿಗೊಮ್ಮೆ ಒಂದು ಗಂಟೆ ಇಂಥ ಕುಟುಂಬಗಳಿಗಾಗಿ ಕುಳಿತರೆ ಅದೂ ಪ್ರಭುವಿನ ಸೇವೆಯೇ.

1952ರಲ್ಲಿ ವಲಸಿಗರ ಕುರಿತು ಪ್ರಕಟಿಸಿದ ಪತ್ರದಲ್ಲಿ ಜಗದ್ಗುರು ಹನ್ನೆರಡನೆಯ ಪಿಯುಸರು, ಈಜಿಪ್ಟಿಗೆ ಪಲಾಯನ ಮಾಡಿದ ನಜರೇತಿನ ಪವಿತ್ರ ಕುಟುಂಬವನ್ನು ಎಲ್ಲ ವಲಸೆ ಕುಟುಂಬಗಳ ಮಾದರಿಯಾಗಿ ನಮ್ಮ ಮುಂದಿಟ್ಟರು. ಮಗುವನ್ನೆತ್ತಿಕೊಂಡು ಪರದೇಶದಲ್ಲಿ ನೆಲೆಸಿದ ಜೋಸೆಫರಿಗೆ ನಮ್ಮ ಮಕ್ಕಳ ಆತಂಕ ಅಪರಿಚಿತವಲ್ಲ. ಸೆಪ್ಟೆಂಬರ್ ತಿಂಗಳ ಕೊನೆಯ ಭಾನುವಾರವನ್ನು ಧರ್ಮಸಭೆ ವಲಸಿಗರ ಮತ್ತು ನಿರಾಶ್ರಿತರ ದಿನವಾಗಿ ಆಚರಿಸುತ್ತದೆ. ಅಂದು ಪರದೇಶದಲ್ಲಿರುವ ನಮ್ಮವರಿಗಾಗಿ ಪ್ರಾರ್ಥಿಸಿದ ಮೇಲೆ ಮನೆಗೆ ಹೋಗಿ ಫೋನ್ ಮಾಡಿ ಒಂದೇ ಪ್ರಶ್ನೆ ಕೇಳಿ: 'ಮಗನೇ, ನಿನ್ನ ಪಾಸ್‌ಪೋರ್ಟ್ ಯಾರ ಕೈಯಲ್ಲಿದೆ?' ಉತ್ತರ ಏನೇ ಬರಲಿ, ನಿಜ ಹೇಳಿದ ಮಗನ ಜೊತೆಗೆ ನಿಲ್ಲುವ ಬಲವನ್ನು ಪ್ರಭು ನಮಗೆಲ್ಲರಿಗೂ ದಯಪಾಲಿಸಲಿ.