ಐದು ಬೀಚು, ಎರಡು ದಿನ, ಒಂದು ಕವರ್

ಇತ್ತೀಚಿನ ಕನ್ನಡದಲ್ಲಿ ನನಗೆ ಅತಿ ಹೆಚ್ಚು ಕಿರಿಕಿರಿ ಹುಟ್ಟಿಸುವ ಕ್ರಿಯಾಪದ ‘ಕವರ್ ಮಾಡುವುದು’. ‘ಎರಡು ದಿನದಲ್ಲಿ ಗೋಕರ್ಣ ಕವರ್ ಮಾಡಬಹುದಾ?’ ಎಂದು ಪರಿಚಿತರು ಕೇಳುತ್ತಲೇ ಇರುತ್ತಾರೆ. ಶುಕ್ರವಾರ ರಾತ್ರಿ ಬೆಂಗಳೂರಿನಲ್ಲಿ ಬಸ್ಸು, ಶನಿವಾರ ಕುಡ್ಲೆ, ಓಂ, ಹಾಫ್ ಮೂನ್, ಪ್ಯಾರಡೈಸ್, ಭಾನುವಾರ ಊರಿನ ಮುಖ್ಯ ಕಡಲತೀರ, ಹೊತ್ತು ಉಳಿದರೆ ಮಹಾಬಲೇಶ್ವರನಿಗೊಂದು ನಮಸ್ಕಾರ, ಸೋಮವಾರ ಆಫೀಸು. ಈ ಪಟ್ಟಿಯಲ್ಲಿ ಎಲ್ಲವೂ ಇದೆ, ಗೋಕರ್ಣವೊಂದನ್ನು ಬಿಟ್ಟು. ನಮ್ಮ ಆಡುಮಾತಿನಲ್ಲಿ ಕವರ್ ಎಂದರೆ ಪ್ಲಾಸ್ಟಿಕ್ ಚೀಲ. ಐದು ಬೀಚು ಕವರ್ ಮಾಡಿದವರು ಅಲ್ಲಿ ಬಿಟ್ಟು ಬರುವುದೂ ಬಹುಮಟ್ಟಿಗೆ ಅದನ್ನೇ.

ನನ್ನ ತಕರಾರು ಪ್ರವಾಸದ ಮೇಲಲ್ಲ. ಅದಕ್ಕೂ ಮೊದಲು ಮನೆಯಲ್ಲಿ ಕೂತು ಹಾಕುವ ಯೋಜನೆಯ ಮೇಲೆ. ಒಂದು ಊರಿನಲ್ಲಿ ಯಾವುದು ನೋಡತಕ್ಕದ್ದು, ಯಾವುದು ಲೆಕ್ಕಕ್ಕಿಲ್ಲ ಎಂಬ ತೀರ್ಪನ್ನು ನಾವು ಹೊರಡುವ ಮೊದಲೇ ಬರೆದಿರುತ್ತೇವೆ. ಅಲ್ಲಿಗೆ ಹೋದ ಮೇಲೆ ಆ ತೀರ್ಪಿಗೆ ಸಹಿ ಹಾಕಿ, ಫೋಟೋ ತೆಗೆದುಕೊಂಡು ಬರುತ್ತೇವೆ, ಅಷ್ಟೆ.

ಆ ಪಟ್ಟಿ ಬಿಟ್ಟುಬಿಟ್ಟದ್ದೇನೆಂದು ನೋಡಿ. ಉತ್ತರಕ್ಕೆ ಗಂಗಾವಳಿ, ದಕ್ಷಿಣಕ್ಕೆ ಅಘನಾಶಿನಿ. ಎರಡು ನದಿಗಳ ನಡುವೆ ಕೆಂಪು ಮುರಕಲ್ಲಿನ ಗುಡ್ಡಗಳು ನೇರ ಸಮುದ್ರಕ್ಕೇ ಇಳಿಯುವ ನೆಲ ಇದು. ಸಾಣಿಕಟ್ಟಾದಲ್ಲಿ ಬೇಸಿಗೆಯ ಬಿಸಿಲಿಗೆ ಉಪ್ಪು ಕಟ್ಟುತ್ತದೆ. ಗಜನಿ ಗದ್ದೆಗಳಲ್ಲಿ ಉಪ್ಪುನೀರನ್ನೂ ಸಹಿಸಿಕೊಂಡು ಬೆಳೆಯುವ ಕಗ್ಗ ಭತ್ತವಿದೆ. ಇಳಿತದ ಹೊತ್ತಿನಲ್ಲಿ ನದಿಗಿಳಿದು ಚಿಪ್ಪಿಕಲ್ಲು ಆಯುವವರಿದ್ದಾರೆ. ಹಾಲಕ್ಕಿ ಹೆಂಗಸರು ತಾವೇ ಬೆಳೆದ ತರಕಾರಿಯನ್ನು ತಂದು ಮಾರುತ್ತಾರೆ. ಅದೇ ಊರಿಗೆ ತೀರಿಕೊಂಡವರ ಅಸ್ಥಿ ಹಿಡಿದುಕೊಂಡು, ಪಿಂಡ ಬಿಡಲು ದೂರದೂರದಿಂದ ಜನ ಬರುತ್ತಾರೆ. ಅಪ್ಪನ ಅಸ್ಥಿ ಹಿಡಿದವನೂ ಬಿಯರ್ ಹುಡುಕುವವನೂ ಒಂದೇ ರಥಬೀದಿಯಲ್ಲಿ ಎದುರುಬದುರಾಗುವ ಊರಿನಲ್ಲಿ, ಎರಡನೆಯವನು ದನಿ ಒಂದಿಷ್ಟು ತಗ್ಗಿಸಬೇಕೆಂದು ಯಾವ ಪ್ರವಾಸಪಟ್ಟಿಯೂ ಹೇಳುವುದಿಲ್ಲ.

‘ಹಾಗಾದರೆ ಯೋಜನೆಯೇ ಬೇಡ, ಸುಮ್ಮನೆ ಹೊರಟುಬಿಡೋಣ’ ಎನ್ನುವ ಇನ್ನೊಂದು ಪಂಥವಿದೆ. ಇದು ಅದಕ್ಕಿಂತ ಅಪಾಯಕಾರಿ. ಈ ಕರಾವಳಿಯಲ್ಲಿ ವರ್ಷಕ್ಕೆ 3000 ಮಿ.ಮೀ.ಗೂ ಹೆಚ್ಚು ಮಳೆ ಸುರಿಯುತ್ತದೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರೀಕೃತ ದೋಣಿಗಳ ಮೀನುಗಾರಿಕೆಗೆ ನಿಷೇಧವಿದೆ. ಹುಟ್ಟಿದಂದಿನಿಂದ ಕಡಲು ಕಂಡವರ ದೋಣಿಗಳೇ ದಡದಲ್ಲಿ ಕೂತಿರುವಾಗ, ಪಾಚಿ ಹಿಡಿದ ಬಂಡೆಯ ತುದಿಗೆ ಸೆಲ್ಫಿಗಾಗಿ ಹೋಗುವ ಹುಡುಗನ ಧೈರ್ಯ ಧೈರ್ಯವಲ್ಲ. ಅವನಿಗೆ ಯಾರೂ ಕ್ಯಾಲೆಂಡರ್ ಓದಲು ಕಲಿಸಲಿಲ್ಲ ಅಷ್ಟೆ. ಅವನನ್ನು ಹುಡುಕಲು ಆ ಅಲೆಗಳಿಗೆ ಇಳಿಯುವವರು ಮಾತ್ರ ಊರಿನವರೇ.

ಸಾಹಿತ್ಯದ ಓದುಗರಾದ ನಾವೂ ಬೀಗುವಂತಿಲ್ಲ. ಯಶವಂತ ಚಿತ್ತಾಲರ ಹನೇಹಳ್ಳಿ ಇಲ್ಲೇ ಪಕ್ಕದಲ್ಲಿದೆ. ಗೌರೀಶ ಕಾಯ್ಕಿಣಿ, ಜಯಂತ ಕಾಯ್ಕಿಣಿ ಇದೇ ಗೋಕರ್ಣದವರು. ಪುಸ್ತಕ ಓದಿ ಹೋಗುವವರು ಅಲ್ಲಿ ಹಂಚಿನ ಮನೆ ಕಾಣದೆ ಆರ್‌ಸಿಸಿ ಕಂಡರೆ ‘ಊರೆಲ್ಲ ಕೆಟ್ಟುಹೋಯಿತು’ ಎಂದು ನಿಟ್ಟುಸಿರು ಬಿಡುತ್ತಾರೆ. ನಮ್ಮ ಭಾವುಕತೆಗಾಗಿ ಅಲ್ಲಿಯವರು ಸೋರುವ ಮಾಡಿನ ಕೆಳಗೇ ಇರಬೇಕೇ? ಇದೂ ಕವರ್ ಮಾಡುವ ಇನ್ನೊಂದು ಬಗೆಯೇ. ಬೀಚಿನ ಬದಲು ಪುಟಗಳು.

‘ವಾರವಿಡೀ ದುಡಿಯುವವರಿಗೆ ಸಿಗುವುದೇ ಎರಡು ದಿನ, ಅದರಲ್ಲೂ ನಿಮ್ಮ ಉಪದೇಶವೇ? ಪ್ರವಾಸಿಗರಿಂದಲೇ ಆ ಊರಿನ ಎಷ್ಟೋ ಮನೆಗಳ ಒಲೆ ಉರಿಯುತ್ತದೆ’ ಎಂಬ ಮಾತಿಗೆ ತೂಕವಿದೆ. ಹೋಗಬೇಡಿ ಎಂದು ನಾನು ಹೇಳುತ್ತಿಲ್ಲ. ಎರಡು ದಿನ ಐದು ಬೀಚಿಗೆ ಸಾಲದು, ಒಂದು ನದಿಮುಖಕ್ಕೆ ಧಾರಾಳ ಸಾಕು. ತದಡಿಯ ಧಕ್ಕೆಗೆ ಹೋಗಿ, ದೋಣಿಯಲ್ಲಿ ಆಚೆ ದಡದ ಅಘನಾಶಿನಿ ಊರಿಗೆ ದಾಟಿ, ಭರತ–ಇಳಿತಗಳ ಹೊತ್ತು ಕೇಳಿಕೊಂಡು ಸುಮ್ಮನೆ ನಿಂತು ನೋಡಿ. ಅಲ್ಲಿಯ ಖಾನಾವಳಿಯಲ್ಲಿ ಉಂಡು ಕೊಟ್ಟ ದುಡ್ಡೂ ದುಡ್ಡೇ.

ಇಷ್ಟಕ್ಕೇಕೆ ಇಷ್ಟು ರಂಪ ಎನ್ನುವಿರಾದರೆ, ಕಾರಣವಿದೆ. ಇದೇ ತದಡಿಯಲ್ಲಿ ಬೃಹತ್ ಉಷ್ಣ ವಿದ್ಯುತ್ ಸ್ಥಾವರದ ಪ್ರಸ್ತಾಪ ಬಂದಿತ್ತು, ದೊಡ್ಡ ಬಂದರಿನ ಪ್ರಸ್ತಾಪವೂ ಬಂತು. ಅಲ್ಲಿಯ ಜನ ಪ್ರತಿಭಟಿಸಿದರು. ಅಣೆಕಟ್ಟಿಲ್ಲದೆ ಹರಿಯುವ ಆ ನದಿಯ ಅಳಿವೆ 2024ರಲ್ಲಿ ರಾಮ್ಸಾರ್ ತಾಣಗಳ ಪಟ್ಟಿ ಸೇರಿತು. ದೊಡ್ಡ ಯೋಜನೆ ಬರೆಯುವವನ ಕಣ್ಣಿಗೆ ಗಜನಿ ಖಾಲಿ ಜಾಗ. ನಮ್ಮ ಪ್ರವಾಸಪಟ್ಟಿಯಲ್ಲೂ ಅದು ಖಾಲಿ ಜಾಗವೇ. ನಾಳೆ ಇನ್ನೊಂದು ಪ್ರಸ್ತಾಪ ಬಂದಾಗ ‘ಅಲ್ಲಿ ಏನಿದೆ ಮಹಾ?’ ಎಂದು ಯಾರಾದರೂ ಕೇಳಿದರೆ, ಗೋಕರ್ಣಕ್ಕೆ ನಾಲ್ಕು ಸಲ ಹೋಗಿ ಬಂದವರ ಬಳಿಯೂ ಉತ್ತರವಿರುವುದಿಲ್ಲ. ಹಾಗೆ ಉತ್ತರವಿಲ್ಲದೆ ನಿಲ್ಲುವವರ ಸಂಖ್ಯೆ ಹೆಚ್ಚಿದಷ್ಟೂ ಪ್ರಸ್ತಾಪ ತರುವವರ ಕೆಲಸ ಹಗುರ.

ಹಾಗಾಗಿ ಮುಂದಿನ ಸಲ ಪಟ್ಟಿ ಬರೆಯುವಾಗ ಮೊದಲ ಸಾಲಿನಲ್ಲಿ ಬೀಚಿನ ಹೆಸರಿನ ಬದಲು ಒಂದು ಪ್ರಶ್ನೆ ಬರೆಯಿರಿ: ಈ ತಿಂಗಳು ಆ ನೀರು ಏನು ಮಾಡುತ್ತಿರುತ್ತದೆ, ಅದನ್ನು ನಂಬಿದವರು ಏನು ಮಾಡುತ್ತಿರುತ್ತಾರೆ? ಉತ್ತರ ಸಿಕ್ಕ ಮೇಲೆ ಟಿಕೆಟ್ ಮಾಡಿಸಿ.