ಹಳೇ ಡೀಸೆಲ್ ಜೀಪು, ಹಿಂದೊಂದು ಟ್ರೈಲರ್: ಹಾಲಿನ ದುಡ್ಡು ಹಾಕುವ ಮುಂಚೆ

ಹಾಲು ಉತ್ಪಾದಕ ಸಹೋದರಿಯರೇ,

ಕೃತಕ ಗರ್ಭಧಾರಣೆಗೋ ಕೆಚ್ಚಲುಬಾವಿಗೋ ಹಳ್ಳಿಗೆ ಬಂದಾಗ ನನಗೆ ಎದುರಾಗುವ ಪ್ರಶ್ನೆಗಳಲ್ಲಿ ಈಚೆಗೆ ಹೊಸದೊಂದು ಸೇರಿಕೊಂಡಿದೆ. "ಡಾಕ್ಟ್ರೇ, ಎರಡು ಲಕ್ಷ ಕಿಲೋಮೀಟರ್ ಓಡಿರೋ ಬೊಲೆರೊ ಮೂರು ಲಕ್ಷಕ್ಕೆ ಬರ್ತಿದೆ. ಹಿಂದೆ ಒಂದು ಟ್ರೈಲರ್ ಕಟ್ಟಿಕೊಂಡ್ರೆ ಮೇವಿಗೂ ಆಯ್ತು, ಹಸು ಸಾಗಿಸೋಕೂ ಆಯ್ತು. ತಗೋಬಹುದಾ?" ಕೇಳುವವರು ಹೆಚ್ಚಾಗಿ ಮನೆಯ ಗಂಡಸರು. ಕಂತು ಕಟ್ಟುವ ದುಡ್ಡು ಮಾತ್ರ ನಿಮ್ಮ ಹಾಲಿನ ಬಟವಾಡೆಯದು. ಆದ್ದರಿಂದ ಉತ್ತರವನ್ನು ನಿಮಗೇ ಬರೆಯುತ್ತಿದ್ದೇನೆ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಮೇವು ಎಳೆಯುವ ಕೆಲಸ ನಿಜವಾಗಿ ಇದ್ದು, ನಾಲ್ಕೈದು ಮನೆಯವರು ಕೂಡಿ ಕೊಳ್ಳುವುದಾದರೆ ಹೆಚ್ಚು ಓಡಿದ ಡೀಸೆಲ್ ಜೀಪು ಕೆಟ್ಟ ವ್ಯಾಪಾರವಲ್ಲ. ಒಂದೇ ಮನೆ, ನಾಲ್ಕೈದು ಹಸು ಎಂದರೆ ಬೇಡ. ಹಸು ಸಾಗಿಸುವುದಕ್ಕೆಂದು ಕೊಳ್ಳುವುದಂತೂ ಬೇಡವೇ ಬೇಡ. ಕೊಂಡದ್ದೇ ಆದರೆ, ದುಡ್ಡು ಯಾರದೋ ಆರ್‌ಸಿಯಲ್ಲಿ ಹೆಸರೂ ಅವರದೇ ಇರಬೇಕು.

ಲೆಕ್ಕ ಹಾಕೋಣ. ಮೂರು ಲಕ್ಷ ಸಾಲ, ಶೇಕಡಾ 14 ಬಡ್ಡಿ, ಮೂರು ವರ್ಷದ ಅವಧಿ ಎಂದಿಟ್ಟುಕೊಳ್ಳಿ. ತಿಂಗಳ ಕಂತು ಸುಮಾರು 10,250 ರೂಪಾಯಿ. ಮೇವಿನ ಹೊಲ ಐದು ಕಿಲೋಮೀಟರ್ ದೂರ ಇದ್ದರೆ ಹೋಗಿ ಬರಲು ದಿನಕ್ಕೆ ಒಂದು ಲೀಟರ್ ಡೀಸೆಲ್; ಲೀಟರಿಗೆ 90 ರೂಪಾಯಿ ಹಿಡಿದರೂ ತಿಂಗಳಿಗೆ 2,700. ಹಳೆಯ ಬೊಲೆರೊದ ಎಂಜಿನ್ 2523 ಸಿಸಿ. 1500 ಸಿಸಿ ದಾಟಿದ ಖಾಸಗಿ ಕಾರಿಗೆ 2022ರ ಜೂನ್‌ನಲ್ಲಿ ನಿಗದಿಯಾದ ಮೂರನೇ ವ್ಯಕ್ತಿ ವಿಮೆಯ ಕಂತೇ ವರ್ಷಕ್ಕೆ 7,897 ರೂಪಾಯಿ. ತೆರಿಗೆ ಸೇರಿದರೆ 9,300 ದಾಟುತ್ತದೆ, ಅಂದರೆ ತಿಂಗಳಿಗೆ 780ರಷ್ಟು. ಹಳೇ ಗಾಡಿಗೆ ರಿಪೇರಿಯೆಂದು ತಿಂಗಳಿಗೆ ಎರಡು ಸಾವಿರವಾದರೂ ಎತ್ತಿಡಬೇಕು. ಎಲ್ಲ ಕೂಡಿದರೆ 15,700 ರೂಪಾಯಿ. ಟ್ರೈಲರ್ ಖರ್ಚು ಇದರಲ್ಲಿ ಸೇರಿಲ್ಲ.

ಹಿಂಡಿ, ಮೇವು, ಔಷಧಿ ಕಳೆದು ನಿಮಗೆ ಲೀಟರಿಗೆ 10 ರೂಪಾಯಿ ಉಳಿಯುತ್ತದೆ ಎಂದುಕೊಳ್ಳಿ. (ಅಷ್ಟು ಉಳಿಸುವ ಮನೆಗಳು ಎಲ್ಲ ಊರಲ್ಲೂ ಇಲ್ಲ.) ಆ ಲೆಕ್ಕದಲ್ಲಿ ಜೀಪಿಗಾಗಿಯೇ ದಿನಕ್ಕೆ 52 ಲೀಟರ್ ಹಾಲು ಹಾಕಬೇಕು. ಹತ್ತು ಲೀಟರ್ ಕೊಡುವ ಐದು ಹಸುಗಳ ಪೂರ್ತಿ ಲಾಭ ಕೊಟ್ಟಿಗೆಯಿಂದ ಎದ್ದು ಗ್ಯಾರೇಜಿಗೆ ಹೋಯಿತು ಎಂದು ಅರ್ಥ. ಆ ಐದು ಹಸುಗಳು ತಿನ್ನುವ ಹಸಿಮೇವಾದರೂ ಎಷ್ಟು? ಒಂದೊಂದಕ್ಕೆ 25ರಿಂದ 30 ಕಿಲೋ ಎಂದರೆ ದಿನಕ್ಕೆ 150 ಕಿಲೋ ಒಳಗೆ. ಅಷ್ಟಕ್ಕೆ ಒಂದೂವರೆ ಟನ್ನಿಗೂ ಮೀರಿ ತೂಗುವ ಜೀಪನ್ನು ದಿನಾ ಹೊರಡಿಸುವುದು ನೊಣ ಓಡಿಸಲು ಒನಕೆ ಎತ್ತಿದಂತೆ. ಐದು ಮನೆ ಕೂಡಿದರೆ ಚಿತ್ರವೇ ಬೇರೆ. ಕಂತಿನಲ್ಲಿ ಒಂದು ಮನೆಯ ಪಾಲು 2,050. ಹಸಿಮೇವನ್ನು ರಾಶಿ ಹಾಕಿದರೆ ಬಿಸಿಯಾಗಿ ಕೆಡುತ್ತದೆ, ರಸಮೇವಾದರೆ ವಾರಕ್ಕೊಂದೆರಡು ಸಲ ಒಟ್ಟಿಗೆ ತಂದು ಹಂಚಿಕೊಳ್ಳಬಹುದು. ಆಗ ಟ್ರೈಲರಿಗೂ ಕೆಲಸ ಸಿಕ್ಕಿತು, ಡೀಸೆಲ್ಲೂ ಉಳಿಯಿತು.

ಒಂದು ತಿಂಗಳು ಪುಸ್ತಕ ಇಡಿ. ಮೇವು, ಹಿಂಡಿ, ಗೊಬ್ಬರ ಸಾಗಿಸಲು ಟ್ರ್ಯಾಕ್ಟರಿಗೋ ಆಟೋಗೋ ಕೊಟ್ಟ ಪ್ರತಿ ರೂಪಾಯಿಯನ್ನೂ ಬರೆಯಿರಿ. ತಿಂಗಳ ಕೊನೆಗೆ ಆ ಮೊತ್ತವನ್ನು 15,700ರ ಪಕ್ಕದಲ್ಲಿಟ್ಟು ನೋಡಿ. ಅರ್ಧವೂ ಆಗದಿದ್ದರೆ ಜೀಪು ಮೇವಿಗಾಗಿ ಬರುತ್ತಿಲ್ಲ, ಊರಹಬ್ಬಕ್ಕೆ ಬರುತ್ತಿದೆ. ಊರಹಬ್ಬಕ್ಕೆ ಗಾಡಿ ಬೇಕೆನ್ನುವುದು ತಪ್ಪೇನಲ್ಲ. ಆದರೆ ಅದನ್ನು ಹಸುಗಳ ತಲೆಗೆ ಕಟ್ಟಬಾರದು.

ಇನ್ನು "ಎರಡು ಲಕ್ಷ ಓಡಿದೆ" ಎಂಬ ಭಯ. ಇದಕ್ಕೆ ನನ್ನ ಉತ್ತರ ನಿಮಗೆ ಆಶ್ಚರ್ಯ ತರಬಹುದು. ಐದನೇ ಸೂಲಿನ ಹಸು ಎಂದ ಮಾತ್ರಕ್ಕೆ ನೀವು ಬೇಡ ಎನ್ನುತ್ತೀರಾ? ಕೆಚ್ಚಲು, ಕಾಲು, ಗೊರಸು ನೋಡುತ್ತೀರಿ. ಯಾರ ಮನೆಯಲ್ಲಿ ಬೆಳೆದದ್ದು ಎಂದು ಕೇಳುತ್ತೀರಿ. ಡೀಸೆಲ್ ಎಂಜಿನ್ನೂ ಹಾಗೆಯೇ. ಹೊತ್ತಿಗೆ ಸರಿಯಾಗಿ ಆಯಿಲ್ ಬದಲಿಸಿ, ಹೆದ್ದಾರಿಯಲ್ಲಿ ಒಂದೇ ಸಮ ಓಡಿದ ಎರಡು ಲಕ್ಷದ ಗಾಡಿ, ಆಯಿಲ್ ಕಾಣದೆ ಕಲ್ಲು ಕ್ವಾರಿಯಲ್ಲಿ ಒದ್ದಾಡಿದ 80 ಸಾವಿರದ ಗಾಡಿಗಿಂತ ಮೇಲು. ಜಾತ್ರೆಯಲ್ಲಿ ಕೊಂಬಿನ ಬಳೆ ಹೆರೆದು ವಯಸ್ಸು ಇಳಿಸುವ ದಲ್ಲಾಳಿಗಳಿರುವ ಹಾಗೆ ಮೀಟರ್ ಹಿಂದಕ್ಕೆ ತಿರುಗಿಸುವವರೂ ಇದ್ದಾರೆ. ಮೀಟರಿನಲ್ಲಿ 70 ಸಾವಿರ ಇದ್ದು ಕ್ಲಚ್ಚಿನ ರಬ್ಬರು ಸವೆದು ಕಬ್ಬಿಣ ಕಾಣುತ್ತಿದ್ದರೆ, ಸ್ಟೀರಿಂಗ್ ಕನ್ನಡಿಯಂತೆ ನುಣುಪಾಗಿದ್ದರೆ, ಮೀಟರ್ ಬಿಟ್ಟು ರಬ್ಬರನ್ನು ನಂಬಿ. ಸರ್ವಿಸ್ ಪುಸ್ತಕ ಕೇಳಿ. ಪ್ರತಿ ಸರ್ವಿಸಿನ ತಾರೀಕಿನ ಪಕ್ಕ ಕಿಲೋಮೀಟರ್ ಬರೆದಿರುತ್ತಾರೆ.

ಮಾರುವ ಹಸುವಿನ ಕೆಚ್ಚಲು ತುಂಬಿ ಕಾಣಲೆಂದು ಒಂದು ಹೊತ್ತು ಹಾಲು ಕರೆಯದೆ ಬಿಡುವ ಉಪಾಯ ನಿಮಗೆ ಗೊತ್ತೇ ಇದೆ. ಗಾಡಿಯಲ್ಲಿ ಅದಕ್ಕೆ ಸರಿಸಾಟಿ, ನೀವು ಬರುವ ಮೊದಲೇ ಎಂಜಿನ್ ಬಿಸಿ ಮಾಡಿ ಇಡುವುದು. ಆದ್ದರಿಂದ ಬೆಳಗ್ಗೆ ಡೇರಿಗೆ ಹಾಲು ಹಾಕಿ ನೇರ ಅಲ್ಲಿಗೇ ಹೋಗಿ, ಮೊದಲು ಬಾನೆಟ್ಟಿನ ಮೇಲೆ ಕೈಯಿಡಿ. ಬೆಚ್ಚಗಿದ್ದರೆ "ನಾಳೆ ಬರ್ತೀವಿ" ಎಂದು ಹೊರಡಿ. ತಣ್ಣಗಿರುವ ಎಂಜಿನ್ ಚಾಲು ಮಾಡಿಸಿ ಹೊಗೆ ನೋಡಿ. ಚಳಿಗೆ ಒಂದು ಕ್ಷಣ ಬಿಳಿ ಹೊಗೆ ಬಂದರೆ ಚಿಂತೆಯಿಲ್ಲ. ಬಿಸಿಯಾದ ಮೇಲೂ ಬಿಳಿ ಬರುತ್ತಿದ್ದು ರೇಡಿಯೇಟರ್ ನೀರು ಇಳಿಯುತ್ತಿದ್ದರೆ ನೀರು ಎಂಜಿನ್ನಿನ ಒಳಗೆ ಹೋಗುತ್ತಿದೆ. ನೀಲಿ ಹೊಗೆ ಎಂದರೆ ಆಯಿಲ್ ಉರಿಯುತ್ತಿದೆ. ದಟ್ಟ ಕಪ್ಪು ಹೊಗೆಗೆ ಇಂಜೆಕ್ಟರೋ ಟರ್ಬೊವೋ ಕಾರಣವಿರಬಹುದು, ಎರಡೂ ದುಬಾರಿ ರಿಪೇರಿ. ಆಯಿಲ್ ಹಾಕುವ ಮುಚ್ಚಳ ತೆಗೆದು ನೋಡಿ: ಒಳಗಡೆ ಹಾಲು ಹಾಕಿದ ಕಾಫಿಯ ಬಣ್ಣದ ಜಿಡ್ಡಿದ್ದರೆ ಆಯಿಲ್‌ಗೆ ನೀರು ಬೆರೆತಿದೆ. ಎಂಜಿನ್ ಓಡುತ್ತಿರುವಾಗ ಆ ಬಾಯಿಂದ ಹೊಗೆ ಬುಸುಗುಟ್ಟಿ ಬಂದರೆ ಒಳಗಿನ ರಿಂಗುಗಳು ಸವೆದಿವೆ. ಇಷ್ಟು ನೋಡಲು ಮೆಕ್ಯಾನಿಕ್ ಆಗಬೇಕಿಲ್ಲ. ಕೆಚ್ಚಲುಬಾವು ಇದೆಯೇ ಎಂದು ಮೊದಲ ಧಾರೆಯನ್ನು ಬಟ್ಟಲಿಗೆ ಹಿಂಡಿ ನೋಡುವ ನಿಮಗೆ ಇದು ಕಷ್ಟವೇ ಅಲ್ಲ. ನೀವು ನೋಡಿ ಒಪ್ಪಿದ ಮೇಲೆ, ಮಾರುವವರಿಗೆ ಪರಿಚಯವಿಲ್ಲದ ಮೆಕ್ಯಾನಿಕ್ಕಿಗೆ ಸಂಬಳ ಕೊಟ್ಟು ತೋರಿಸಿ.

ಎಳೆಯುವ ಗಾಡಿಯಲ್ಲಿ ಮೊದಲು ಸಾಯುವುದು ಕ್ಲಚ್ಚು. ನಿಧಾನ ಹೋಗುವಾಗಲೇ ನಾಲ್ಕನೇ ಗೇರಿಗೆ ಹಾಕಿ ಒಮ್ಮೆಲೇ ಆಕ್ಸಿಲರೇಟರ್ ಒತ್ತಿಸಿ. ಎಂಜಿನ್ನಿನ ಕೂಗು ಏರಿ ವೇಗ ಏರದಿದ್ದರೆ ಕ್ಲಚ್ಚು ಜಾರುತ್ತಿದೆ, ಬೆಲೆಯಲ್ಲಿ ಅದನ್ನು ಕಳೆಯಿರಿ. ಗಾಡಿಯ ಕೆಳಗೆ ಬಗ್ಗಿ ಚಾಸಿಯ ಉದ್ದಕ್ಕೂ ತುಕ್ಕು, ಹೊಸ ವೆಲ್ಡಿಂಗ್ ಹುಡುಕಿ. ಬೊಲೆರೊ, ಸ್ಕಾರ್ಪಿಯೊ, ಸುಮೊ, ಹಳೆಯ ಇನ್ನೋವಾ ಇವೆಲ್ಲ ಏಣಿಯಂಥ ಗಟ್ಟಿ ಚಾಸಿಯ ಮೇಲೆ ಕೂತ ಗಾಡಿಗಳು. ನೋಡಲು ಜೀಪಿನಂತಿರುವ ಡಸ್ಟರ್, ಎಕ್ಸ್‌ಯುವಿ 500 ಇಂಥವಕ್ಕೆ ಆ ಏಣಿ ಇಲ್ಲ. ನಿತ್ಯ ಭಾರ ಎಳೆಯುವುದಕ್ಕೆ ನಾನು ಅವನ್ನು ಹೇಳುವುದಿಲ್ಲ. ಕೊಕ್ಕೆಯನ್ನು ಚಾಸಿಗೇ ಬೋಲ್ಟ್ ಮಾಡಿಸಬೇಕು, ಬಂಪರಿಗಲ್ಲ. ಇನ್ನೊಂದು ವಿಷಯ ಮಾರುವವರು ಹೇಳುವುದಿಲ್ಲ. 2020ರ ಏಪ್ರಿಲ್‌ನಿಂದ ಬಂದ ಬಿಎಸ್-6 ಡೀಸೆಲ್ ಗಾಡಿಗಳಲ್ಲಿ ಹೆಚ್ಚಿನವಕ್ಕೆ ಹೊಗೆಯ ಮಸಿ ಹಿಡಿಯುವ ಫಿಲ್ಟರ್ ಇರುತ್ತದೆ. ಆಗಾಗ ದೂರದ ಓಟ ಸಿಕ್ಕರಷ್ಟೇ ಅದು ತನ್ನನ್ನು ತಾನೇ ಸುಟ್ಟು ಶುಚಿ ಮಾಡಿಕೊಳ್ಳುತ್ತದೆ. ಮನೆಯಿಂದ ಹೊಲಕ್ಕೆ, ಹೊಲದಿಂದ ಡೇರಿಗೆ ಎಂಬ ನಾಲ್ಕು ಕಿಲೋಮೀಟರ್ ಓಟದಲ್ಲಿ ಅದು ಕಟ್ಟಿಕೊಳ್ಳುತ್ತದೆ. ನಿಮ್ಮ ಕೆಲಸಕ್ಕೆ ಹೊಸದೇ ಒಳ್ಳೆಯದು ಎನ್ನುವಂತಿಲ್ಲ.

ಟ್ರೈಲರ್ ಬಗ್ಗೆ ಸ್ವಲ್ಪದರಲ್ಲಿ ಹೇಳುತ್ತೇನೆ. ಅದೂ ಕಾನೂನಿನ ಕಣ್ಣಲ್ಲಿ ಮೋಟಾರು ವಾಹನವೇ. ವೆಲ್ಡಿಂಗ್ ಅಂಗಡಿಯಲ್ಲಿ ಮಾಡಿಸಿ ಕಟ್ಟಿಕೊಂಡು ಹೊರಟರೆ ಆಗದು. ನೋಂದಣಿ ಬೇಕು, ವಿಮೆಯಲ್ಲಿ ಅದರ ನಮೂದು ಬೇಕು. ಜೀಪಿಗೆ ಮುಂಗಡ ಕೊಡುವ ಮೊದಲೇ ಆರ್‌ಟಿಒ ಕಚೇರಿಯಲ್ಲಿ ಟ್ರೈಲರ್ ವಿಚಾರಿಸಿ. ಭಾರದಲ್ಲಿ ಹತ್ತರಲ್ಲೊಂದು ಪಾಲು ಕೊಕ್ಕೆಯ ಮೇಲೆ ಕೂರುವಂತೆ ಮೇವು ಹೇರಿ. ಭಾರವೆಲ್ಲ ಹಿಂದಕ್ಕೆ ಹೋದರೆ ಟ್ರೈಲರ್ ಬಾಲ ಬೀಸಲು ಶುರುಮಾಡಿ ಜೀಪನ್ನೇ ತಿರುಗಿಸುತ್ತದೆ. ವೇಗ ಎರಡು ಪಟ್ಟಾದರೆ ನಿಲ್ಲಲು ಬೇಕಾದ ದೂರ ನಾಲ್ಕು ಪಟ್ಟು. ಹಿಂದಿನಿಂದ ತಳ್ಳುವ ಟ್ರೈಲರಿಗೆ ಬ್ರೇಕ್ ಇಲ್ಲದಿದ್ದರೆ ಇನ್ನೂ ಹೆಚ್ಚು. ಹಿಂದೆ ದೀಪ, ಕೆಂಪು ರಿಫ್ಲೆಕ್ಟರ್ ಇಲ್ಲದೆ ಕತ್ತಲಲ್ಲಿ ಹೊರಡಬೇಡಿ. ಕಬ್ಬಿನ ಗಾಡಿಗಳಿಗೆ ರಾತ್ರಿ ಬೈಕಿನವರು ಗುದ್ದುವುದು ಇದೇ ಕಾರಣಕ್ಕೆ.

ಹಸುವಿನ ವಿಷಯಕ್ಕೆ ಬರುತ್ತೇನೆ. ಇಲ್ಲಿ ನಾನು ಪಶುವೈದ್ಯಾಧಿಕಾರಿಯಾಗಿಯೇ ಮಾತಾಡುತ್ತಿದ್ದೇನೆ. ಮಿಶ್ರತಳಿ ಹಸು 400 ಕಿಲೋ ದಾಟುತ್ತದೆ, ಅದೂ ನಿಂತ ಭಾರ, ಅಲ್ಲಾಡುವ ಭಾರ. ಎರಡು ಚಕ್ರದ ಟ್ರೈಲರಿನಲ್ಲಿ ಅದು ಒಂದು ಹೆಜ್ಜೆ ಹಿಂದಿಟ್ಟರೂ ಕೊಕ್ಕೆ ಮೇಲೇಳುತ್ತದೆ. ಜಾರಿ ಬಿದ್ದರೆ ಸೊಂಟದ ಕೀಲು ತಪ್ಪುತ್ತದೆ, ಕೆಚ್ಚಲು ಸೀಳುತ್ತದೆ. ತುಂಬು ಗಬ್ಬದ ಹಸು, ಈಗತಾನೇ ಕರು ಹಾಕಿದ ಹಸು ಪ್ರಯಾಣದ ಆಯಾಸಕ್ಕೇ ನೆಲ ಹಿಡಿಯಬಹುದು. ಪ್ರಾಣಿಗಳ ಸಾಗಾಣಿಕೆಗೆ 1978ರಿಂದಲೇ ನಿಯಮಗಳಿವೆ. ನೆಲಕ್ಕೆ ಜಾರದ ಹಾಸು ಇರಬೇಕು, ಜೊತೆಗೊಬ್ಬ ಆಳು ಇರಬೇಕು, ಬೇರೆ ಸರಕು ಹೇರಬಾರದು, ಮುಖ ಆದಷ್ಟೂ ಎಂಜಿನ್ ಕಡೆಗಿರಬೇಕು. ಆಮೇಲೆ ಬಂದ ಮೋಟಾರು ವಾಹನ ನಿಯಮದಲ್ಲಿ ಒಂದು ಹಸುವಿಗೆ ಎರಡು ಚದರ ಮೀಟರ್ ಜಾಗ, ನಡುವೆ ಸ್ಥಿರವಾದ ಅಡ್ಡತಡೆ ಬೇಕೆಂದಿದೆ. ಮೇವಿಗೆ ಮಾಡಿಸಿದ ಟ್ರೈಲರಿನಲ್ಲಿ ಇದೆಲ್ಲ ಆಗುವ ಮಾತಲ್ಲ. ಜೊತೆಗೆ ನಮ್ಮ ರಾಜ್ಯದಲ್ಲಿ 2020ರ ಜಾನುವಾರು ವಧೆ ಪ್ರತಿಬಂಧಕ ಮತ್ತು ಸಂರಕ್ಷಣಾ ಕಾಯ್ದೆ ಬಂದಿದೆ. ಸರಿಯಾದ ಕಾಗದವಿಲ್ಲದೆ ಹೋದರೆ ಹಸುವೂ ಗಾಡಿಯೂ ಜಪ್ತಿಯಾಗಬಹುದು. ನೀವು ಸಾಕಲಿಕ್ಕೇ ತರುತ್ತಿದ್ದರೂ ದಾರಿಯಲ್ಲಿ ತಡೆದವರಿಗೆ ಅದು ಹೇಗೆ ತಿಳಿಯಬೇಕು?

ಹಸು ಕೊಳ್ಳುವುದು ವರ್ಷಕ್ಕೊಮ್ಮೆಯೋ ಎರಡು ಸಲವೋ. ಆವತ್ತು ಸರಿಯಾದ ಗಾಡಿಯನ್ನೇ ಬಾಡಿಗೆಗೆ ಮಾಡಿ, ಹೊರಡುವ ಮುನ್ನ ಪಶುವೈದ್ಯರಿಂದ ಆರೋಗ್ಯ ಪ್ರಮಾಣಪತ್ರ ಬರೆಸಿಕೊಳ್ಳಿ. ಕಾಯಿಲೆ ಬಿದ್ದ ಹಸುವನ್ನು ಆಸ್ಪತ್ರೆಗೆ ಹೊರುವುದಕ್ಕೆ ಜೀಪು ಬೇಕು ಎನ್ನುವವರಿಗೆ 1962 ಸಂಖ್ಯೆ ನೆನಪಿಸುತ್ತೇನೆ. ಸಂಚಾರಿ ಪಶು ಚಿಕಿತ್ಸಾ ವಾಹನ ಕೊಟ್ಟಿಗೆ ಬಾಗಿಲಿಗೇ ಬರುತ್ತದೆ. ಮಲಗಿದ ಹಸುವನ್ನು ಎಳೆದಾಡುವುದಕ್ಕಿಂತ ಅದು ಬರುವವರೆಗೆ ಮಗ್ಗುಲು ಬದಲಿಸುತ್ತ ಕಾಯುವುದು ಒಳ್ಳೆಯದು.

ಮೇವಿನ ಜೀಪು ಬೇರೆ ಕೊಟ್ಟಿಗೆಗಳಿಗೂ ಹೋಗಿಬರುವುದಾದರೆ ಚಕ್ರ ಮತ್ತು ಟ್ರೈಲರ್ ಹಲಗೆಯನ್ನು ವಾಷಿಂಗ್ ಸೋಡಾ ನೀರಿನಿಂದ ತೊಳೆಯಿರಿ, ಹತ್ತು ಲೀಟರಿಗೆ 400 ಗ್ರಾಂ. ಕಾಲುಬಾಯಿ ಜ್ವರದ ವೈರಾಣುವಿಗೆ ಗಾಡಿಯೂ ಒಂದು ದಾರಿ. ಹಾಲಿನ ಕ್ಯಾನುಗಳ ಪಕ್ಕ ಡೀಸೆಲ್ ಡಬ್ಬ ಇಡಬೇಡಿ, ಹಾಲು ವಾಸನೆ ಹಿಡಿಯುತ್ತದೆ.

ಕೊನೆಗೆ ಹೆಸರಿನ ಪ್ರಶ್ನೆ. ಸಾಲ ಸ್ವಸಹಾಯ ಗುಂಪಿನಲ್ಲಿ ಹೆಂಡತಿಯ ಹೆಸರಲ್ಲಿ, ಕಂತು ಹಾಲಿನ ಬಿಲ್ಲಿನಲ್ಲಿ, ಆರ್‌ಸಿ ಮಾತ್ರ ಮಗನ ಹೆಸರಲ್ಲಿ. ಇಂಥ ಮನೆಗಳನ್ನು ನಾನು ಕಾಣುತ್ತಲೇ ಇದ್ದೇನೆ. ನಾಳೆ ಅವನು ಅದನ್ನು ಮಾರಿದರೆ ನಿಮ್ಮ ಸಹಿ ಯಾರೂ ಕೇಳುವುದಿಲ್ಲ. ಸಾಲ ಮಾತ್ರ ನಿಮ್ಮ ಹೆಸರಲ್ಲೇ ಉಳಿಯುತ್ತದೆ. "ನಿಂಗೆ ಓಡಿಸೋಕೆ ಬರಲ್ವಲ್ಲ" ಎಂದರೆ, ಮಾಲೀಕಳಾಗಲು ಚಾಲನೆ ಬರಬೇಕೆಂಬ ಕಾನೂನಿಲ್ಲ ಎನ್ನಿ. ಕಲಿತರೆ ಇನ್ನೂ ಒಳ್ಳೆಯದು. ಲಘು ಮೋಟಾರು ವಾಹನದ ಲೈಸೆನ್ಸ್ ಇದ್ದವರು 7,500 ಕಿಲೋ ಒಳಗಿನ ಸರಕು ವಾಹನವನ್ನೂ ಓಡಿಸಬಹುದೆಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2024ರ ನವೆಂಬರ್‌ನಲ್ಲಿ ಹೇಳಿದೆ. ಮುಂದೊಂದು ದಿನ ಗುಂಪಿಗೆ ಪಿಕಪ್ ಬಂದರೂ ಅದೇ ಲೈಸೆನ್ಸ್ ಸಾಕು.

ಗುಂಪಾಗಿ ಕೊಂಡು ಆರ್‌ಸಿ ಒಬ್ಬರ ಹೆಸರಲ್ಲಿ ಮಾಡಿಸಿದರೆ, ಉಳಿದವರ ಪಾಲು, ಡೀಸೆಲ್ ಲೆಕ್ಕ, ಯಾರ ಸರದಿ ಯಾವಾಗ ಎಂಬುದನ್ನು ನಡಾವಳಿ ಪುಸ್ತಕದಲ್ಲಿ ಬರೆದು ಎಲ್ಲರೂ ಸಹಿ ಹಾಕಿ. ಬಿಳಿ ಬೋರ್ಡಿನ ಗಾಡಿಯನ್ನು ಊರವರಿಗೆ ಬಾಡಿಗೆಗೆ ಬಿಡಬೇಡಿ. ಅಪಘಾತವಾದರೆ ವಿಮೆ ಕೈಕೊಡುತ್ತದೆ. ಹಳೆಯ ಸಾಲ ತೀರಿದ್ದರೆ ಫಾರಂ 35 ಮತ್ತು ಬ್ಯಾಂಕಿನ ಪತ್ರ, ವರ್ಗಾವಣೆಗೆ ಫಾರಂ 29 ಮತ್ತು 30, ಬೇರೆ ರಾಜ್ಯದ ಗಾಡಿಯಾದರೆ ಅಲ್ಲಿಯ ನಿರಾಕ್ಷೇಪಣಾ ಪತ್ರ, ಮೇಲೆ ಇಲ್ಲಿಯ ರಸ್ತೆ ತೆರಿಗೆ. ದೆಹಲಿ ಕಡೆಯ ಹತ್ತು ವರ್ಷ ದಾಟಿದ ಡೀಸೆಲ್ ಗಾಡಿ ಅಗ್ಗವಾಗಿ ಕಾಣುವುದು ಈ ತೆರಿಗೆ ಸೇರಿಸುವವರೆಗೆ ಮಾತ್ರ. ಚಾಸಿಯ ಮೇಲಿನ ಸಂಖ್ಯೆಯನ್ನು ಆರ್‌ಸಿಯ ಸಂಖ್ಯೆಯೊಂದಿಗೆ ಅಕ್ಷರ ಅಕ್ಷರ ತಾಳೆ ನೋಡಿ. ಹಸುವಿನ ಕಿವಿಯೋಲೆ ನೋಡುವ ಹಾಗೆಯೇ. ಇವೆಲ್ಲ ಕೈಗೆ ಬರುವವರೆಗೆ ಮುಂಗಡಕ್ಕಿಂತ ಹೆಚ್ಚು ಕೊಡಬೇಡಿ. ಆ ಮುಂಗಡಕ್ಕೂ ರಸೀದಿ ನಿಮ್ಮ ಹೆಸರಿನಲ್ಲೇ ಬರೆಸಿಕೊಳ್ಳಿ.